ಹರೆಯದ ಮನದಲ್ಲಿ ಆತಂಕ ಬೇರೂರುವ ಬಗೆ

ಎಸ್ಸೆಸ್ಸೆಲ್ಸಿಯಲ್ಲಿ ಉತ್ತಮ ಅಂಕ ಪಡೆದ ಹುಡುಗ ಪಿಯುಸಿ ವಿಜ್ಞಾನಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ಬೆಳಗಾದರೆ ಹೊಟ್ಟೆನೋವೆನ್ನುತ್ತಾನೆ. ಪರೀಕ್ಷಿಸಿದ ವೈದ್ಯರಿಗೆ ದೋಷವೇನೂ ಕಾಣುವುದಿಲ್ಲ. ಮನೆಯವರು ಸೋಮಾರಿತನವೆನ್ನುತ್ತಾರೆ, ದೃಷ್ಟಿ ತೆಗೆಸುವವರೂ ಉಂಟು. ಮಠಕ್ಕೆ ಬರುವ ತಂದೆತಾಯಿಗಳಿಂದ ಇಂತಹ ಅಳಲನ್ನು ನಾವು ಆಗಾಗ ಕೇಳುತ್ತೇವೆ. ಆ ಹೊಟ್ಟೆನೋವು ನಟನೆಯಲ್ಲ. ಮನಸ್ಸು ಬೆದರಿದಾಗ ಎದೆಬಡಿತದಂತೆ ಕರುಳಿನ ಚಲನೆಯೂ ಏರುಪೇರಾಗುತ್ತದೆ, ನೋವು ನಿಜವಾದುದೇ.

ಹರೆಯದಲ್ಲಿಯೇ ಹೀಗೇಕೆ? ಅಪಾಯವನ್ನು ಗ್ರಹಿಸಿ ಭಾವನೆಗಳನ್ನು ಕೆರಳಿಸುವ ಮೆದುಳಿನ ಭಾಗಗಳು ಈ ವಯಸ್ಸಿನ ಆರಂಭದಲ್ಲಿಯೇ ಚುರುಕಾಗುತ್ತವೆ. ಅವುಗಳಿಗೆ ಕಡಿವಾಣ ಹಾಕುವ ಮುಂಭಾಗವಾದರೋ ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. ನಿದ್ರೆ ಬರುವ ಹೊತ್ತು ಕೂಡ ಸಹಜವಾಗಿಯೇ ತಡವಾಗುತ್ತದೆ. ನಡುರಾತ್ರಿ ಮಲಗಿದ ಮಗುವನ್ನು ನಸುಕಿನ ಟ್ಯೂಷನ್ನಿಗೆ ಎಬ್ಬಿಸುವ ನಮ್ಮ ರೂಢಿ ಆ ಮನಸ್ಸನ್ನು ಮತ್ತಷ್ಟು ದಣಿಸುತ್ತದೆ.

ಆತಂಕಕ್ಕೆ ನೀರೆರೆಯುವುದು ತಪ್ಪಿಸಿಕೊಳ್ಳುವಿಕೆ. ತರಗತಿಗೆ ಹೋಗದ ದಿನ ಮನಸ್ಸು ಹಗುರವಾಗುತ್ತದೆ. ಆ ನೆಮ್ಮದಿಯೇ ನಾಳೆಯೂ ಹೋಗಬೇಡವೆಂದು ಕಲಿಸುತ್ತದೆ. ಪಾಠ ಹಿಂದೆ ಬೀಳುತ್ತದೆ, ಗೆಳೆಯರು ದೂರವಾಗುತ್ತಾರೆ, ತಾನು ಯಾವುದಕ್ಕೂ ಬಾರದವನೆಂಬ ಎಣಿಕೆ ಬಲಿಯುತ್ತದೆ. ಹೀಗೆ ಅನೇಕರಲ್ಲಿ ಆತಂಕ ಮೊದಲು ಬರುತ್ತದೆ, ಖಿನ್ನತೆ ಅದರ ಹಿಂದೆ ಬರುತ್ತದೆ. ಹದಿಹರೆಯದ ಖಿನ್ನತೆ ಸದಾ ಕಣ್ಣೀರಾಗಿ ಕಾಣುವುದೂ ಇಲ್ಲ. ಸಿಡುಕು, ಎದುರುಮಾತು, ಊಟದಲ್ಲಿ ನಿರಾಸಕ್ತಿ, ಪ್ರಿಯವಾದ ಆಟವನ್ನೂ ಬಿಡುವುದು ಇವೆಲ್ಲ ಅದರ ರೂಪಗಳೇ. ಹರೆಯಕ್ಕೆ ಬಂದ ಮೇಲೆ ಹೆಣ್ಣುಮಕ್ಕಳಲ್ಲಿ ಖಿನ್ನತೆ ಹುಡುಗರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ಆದರೆ ಅವರ ಮೌನವನ್ನು ನಾವು ಸದ್ಗುಣವೆಂದು ಹೊಗಳಿಬಿಡುತ್ತೇವೆ.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ಸುಮಾರು ಶೇ. 7.3ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡುಬಂದಿತ್ತು. ಇದು ಯಾವುದೋ ಒಂದು ಮನೆಯ ಕಳಂಕವಲ್ಲ.

ಪೂಜೆ, ಪ್ರಾರ್ಥನೆಗಳು ಬೇಡವೆಂದು ನಾವು ಹೇಳುತ್ತಿಲ್ಲ. ಅವುಗಳ ನೆಪದಲ್ಲಿ ವೈದ್ಯರ ಭೇಟಿ ತಡವಾಗಬಾರದು. ಮಂಕುತನ ಎರಡು ವಾರ ಮೀರಿದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಕಾಲೇಜನ್ನು ಪೂರ್ತಿ ಬಿಡಿಸದೆ, ಮೊದಲು ಒಂದೆರಡು ತರಗತಿ, ಆಮೇಲೆ ಅರ್ಧ ದಿನ ಎಂಬಂತೆ ಮರಳಿ ಹೊಂದಿಸಬೇಕು. ಬದುಕು ಸಾಕೆಂಬ ಮಾತು ಮಗುವಿನ ಬಾಯಲ್ಲಿ ಬಂದರೆ ಗದರದೆ, ಒಂಟಿಯಾಗಿ ಬಿಡದೆ, ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿರಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಹಗಲಿರುಳೂ ಕನ್ನಡದಲ್ಲಿಯೇ ಮಾತನಾಡಬಹುದು.