ಮಾತ್ರೆ ನಿಲ್ಲಿಸಬಾರದೇಕೆ: ಪ್ರಯೋಗದ ಇಲಿಗಳು ಕೊಟ್ಟ ಉತ್ತರ

ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆಯ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿಯುವ ರಾಯಚೂರು ಸೀಮೆಗೆ ಮಲೇರಿಯಾ ಹೊಸದಲ್ಲವಾದ್ದರಿಂದ, ಎಡಪಕ್ಕೆಯ ಕೆಳಗಿನ ಗುಲ್ಮ ಊದಿಕೊಂಡರೆ ಮೊದಲ ಶಂಕೆ ಅದರತ್ತಲೇ ಹೋಗುವುದು ಸಹಜ. ಅದೇ ಲಕ್ಷಣದ ಹಿಂದೆ ಕೆಲವೊಮ್ಮೆ ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಅಸ್ಥಿಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಮಿತಿಮೀರಿ ಹುಟ್ಟುತ್ತ ನಿಧಾನವಾಗಿ ಬೆಳೆಯುವ ರಕ್ತದ ಕ್ಯಾನ್ಸರ್ ಅಡಗಿರುತ್ತದೆ. ಅದರ ಮೊದಲ ಸುಳಿವು ರಕ್ತಕಣಗಳ ಎಣಿಕೆಯಲ್ಲೇ ಸಿಗುತ್ತದೆ.

9 ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಾಗ ಹುಟ್ಟುವ ಬಿಸಿಆರ್-ಎಬಿಎಲ್ ಎಂಬ ಬೆಸೆದ ಜೀನ್ ಈ ರೋಗಿಗಳಲ್ಲಿ ಕಾಣುತ್ತಿತ್ತಾದರೂ, ಅದು ರೋಗದ ಕಾರಣವೋ ಬರಿಯ ಗುರುತೋ ಎಂಬುದನ್ನು ಮನುಷ್ಯರ ಮೇಲೆ ಪರೀಕ್ಷಿಸುವಂತಿರಲಿಲ್ಲ. 1990ರಲ್ಲಿ ಜಾರ್ಜ್ ಡೇಲಿ, ರಿಚರ್ಡ್ ವ್ಯಾನ್ ಎಟನ್ ಮತ್ತು ಡೇವಿಡ್ ಬಾಲ್ಟಿಮೋರ್ ಆ ಜೀನನ್ನು ವೈರಸ್ಸಿನ ಮೂಲಕ ಇಲಿಯ ಮಜ್ಜೆಗೆ ಸೇರಿಸಿ, ವಿಕಿರಣಕ್ಕೊಡ್ಡಿದ ಇಲಿಗಳಿಗೆ ಕಸಿ ಮಾಡಿದಾಗ ಇದೇ ಬಗೆಯ ರೋಗ ತಲೆದೋರಿ ಆ ಸಂಶಯ ನೀಗಿತು. 2001ರಲ್ಲಿ ಅಮೆರಿಕದಲ್ಲಿ ಅನುಮೋದನೆ ಪಡೆದ ಇಮ್ಯಾಟಿನಿಬ್ ಮಾತ್ರೆ ಈ ಜೀನು ತಯಾರಿಸುವ ಪ್ರೋಟೀನನ್ನೇ ತಡೆಯುತ್ತದೆ. ನಾಯಿಗಳ ಯಕೃತ್ತಿಗೆ ಹಾನಿಯಾದದ್ದನ್ನು ಕಂಡು ಇದೇ ಔಷಧವನ್ನು ಕೈಬಿಡುವ ಮಾತೂ ಬಂದಿತ್ತೆಂಬುದನ್ನು, ಪ್ರಾಣಿಗಳ ಸಾಕ್ಷ್ಯವೇ ಅಂತಿಮವೆನ್ನುವವರು ಗಮನಿಸಬೇಕು.

ಸ್ಟೆಫನ್ ಕೋಶ್ಮೀಡರ್ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದ ಇಲಿಗಳು ಇನ್ನೂ ಕುತೂಹಲಕರವಾದವು. ಕುಡಿಯುವ ನೀರಿನಲ್ಲಿ ಟೆಟ್ರಾಸೈಕ್ಲಿನ್ ಇರುವವರೆಗೆ ಅವುಗಳಲ್ಲಿ ರೋಗದ ಜೀನ್ ಸುಮ್ಮನಿರುತ್ತದೆ. ಬರಿಯ ನೀರು ಕೊಟ್ಟರೆ ಬಿಳಿಕಣಗಳು ಏರಿ ಗುಲ್ಮ ಊದುತ್ತದೆ, ಟೆಟ್ರಾಸೈಕ್ಲಿನ್ ಬೆರೆಸಿದರೆ ಇಳಿಯುತ್ತದೆ, ಮತ್ತೆ ತೆಗೆದರೆ ರೋಗ ಮರುಕಳಿಸುತ್ತದೆ. ಎಲ್ಲ ರಕ್ತಕಣಗಳಿಗೂ ಮೂಲವಾದ ಆಕರಕೋಶಗಳಲ್ಲಿ ಕೆಲವು ರೋಗದ ಬೇರನ್ನು ಉಳಿಸಿಕೊಂಡಿರುವುದೇ ಇದಕ್ಕೆ ಕಾರಣ. ಆರೋಗ್ಯವಂತ ಮಜ್ಜೆಯಲ್ಲಿ ಈ ಕೋಶಗಳು ಬಹುಪಾಲು ವಿಶ್ರಾಂತಿಯಲ್ಲಿರುವುದು ಹೇಗೆಂಬ ಪ್ರಶ್ನೆಯನ್ನು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡವು ಮೊದಲು ಹಣ್ಣಿನ ನೊಣಗಳಲ್ಲಿ, ಬಳಿಕ ಇಲಿಗಳಲ್ಲಿ ಕೆದಕಿತು. ಅಸೃಜ್ ಎಂಬ ಜೀನನ್ನು ಕಳೆದುಕೊಂಡ ಇಲಿಗಳಲ್ಲಿ ಆ ವಿಶ್ರಾಂತಿ ಕೆಡುತ್ತದೆಂದು 2019ರಲ್ಲಿ ತೋರಿಸಿತು. ಇದು ಬಿಸಿಆರ್-ಎಬಿಎಲ್ ರೋಗವಲ್ಲ, ಅದರ ನೆರೆಯ ಪ್ರಶ್ನೆ.

ಎರಡು ವರ್ಷ ರಕ್ತದಲ್ಲಿ ರೋಗದ ಸುಳಿವೇ ಸಿಗದಿದ್ದ ರೋಗಿಗಳಿಗೆ ವೈದ್ಯರ ನಿಗಾದಲ್ಲಿ ಇಮ್ಯಾಟಿನಿಬ್ ಮಾತ್ರೆ ನಿಲ್ಲಿಸಿ ನೋಡಿದ, 2010ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನದಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ, ಬಹುಪಾಲು ಆರು ತಿಂಗಳೊಳಗೇ, ರೋಗ ಮರಳಿತು. ಎಣಿಕೆ ಸರಿಹೋಯಿತೆಂದು ಗುಳೆ ಹೋಗುವಾಗ ಮಾತ್ರೆ ಬಿಟ್ಟುಹೋಗುವ ದೇವದುರ್ಗದ ಕೂಲಿಕಾರನಿಗೆ ಅಂಥ ನಿಗಾ ಇರುವುದಿಲ್ಲ. ಊರಿಗೆ ಮರಳಿದ ಮೇಲೆ ರಾಯಚೂರಿನ ರಿಮ್ಸ್ ಆಸ್ಪತ್ರೆಗೋ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಅವನು ಬರುವಷ್ಟರಲ್ಲಿ ಗುಲ್ಮ ಮತ್ತೆ ಊದಿರಬಹುದು.