ಲೊಕೆಲೆಯ ತಾನವ್ಯವಸ್ಥೆ ಮತ್ತು ಡೋಲಿನ ನುಡಿ

ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಕಿಸಂಗಾನಿ ನಗರದಿಂದ ಕೆಳಕ್ಕೆ, ಕಾಂಗೋ ನದಿಯ ದಂಡೆಗಳಲ್ಲಿ ವಾಸಿಸುವ ಜನರ ಭಾಷೆ ಲೊಕೆಲೆ. ಬಾಂಟು ವರ್ಗಕ್ಕೆ ಸೇರಿದ ಈ ಭಾಷೆಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಏರು ಅಥವಾ ಇಳಿ ಎಂಬ ಶ್ರುತಿ ನಿಯತವಾಗಿರುತ್ತದೆ. ಇದನ್ನೇ ತಾನವೆನ್ನುವುದು. ಕನ್ನಡದಲ್ಲಿ ದನಿಯ ಏರಿಳಿತವು ಪ್ರಶ್ನೆಯನ್ನೋ ಭಾವವನ್ನೋ ಸೂಚಿಸೀತು. ಪದದ ಅರ್ಥವನ್ನು ಬದಲಿಸದು. ಲೊಕೆಲೆಯಲ್ಲಾದರೋ 'ಲಿಸಾಕಾ' ಎಂಬುದನ್ನು ಮೂರೂ ಅಕ್ಷರ ಇಳಿಸಿ ನುಡಿದರೆ ನೀರು ನಿಂತ ಹೊಂಡ. ಕೊನೆಯದನ್ನು ಮಾತ್ರ ಏರಿಸಿದರೆ ವಾಗ್ದಾನ. ಕೊನೆಯ ಎರಡನ್ನೂ ಏರಿಸಿದರೆ ವಿಷ. ತಾನದ ಗುರುತುಗಳಿಲ್ಲದೆ ಬರೆದಾಗ ಈ ಮೂರೂ ಒಂದೇ ಪದವಾಗಿ ಕಾಣುತ್ತವೆ.

ಈ ವ್ಯವಸ್ಥೆಯ ಸ್ವರೂಪ ಸ್ಪಷ್ಟವಾಗುವುದು ಅಲ್ಲಿನ ಮರದ ಡೋಲಿನಲ್ಲಿ. ಅದಕ್ಕೆ ಚರ್ಮದ ಹೊದಿಕೆಯಿಲ್ಲ. ದಿಮ್ಮಿಯನ್ನು ಉದ್ದನೆಯ ಸೀಳೊಂದರ ಮೂಲಕ ಟೊಳ್ಳುಗೊಳಿಸಿ, ಸೀಳಿನ ಎರಡು ಅಂಚುಗಳಿಂದ ಎರಡು ಶ್ರುತಿ ಹೊರಡುವಂತೆ ಮಾಡಿರುತ್ತಾರೆ. ಯುರೋಪಿಯನ್ನರು ಬಹುಕಾಲ ಇದನ್ನು ತಂತಿ ಸಂದೇಶದಂಥ ಗುಪ್ತ ಸಂಕೇತವೆಂದು ಭಾವಿಸಿದ್ದರು. ಕಿಸಂಗಾನಿಯ ಸಮೀಪದ ಯಾಕುಸುವಿನಲ್ಲಿದ್ದ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಯಾರಿಂಗ್ಟನ್ 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಶದವಾಗಿ ವಿವರಿಸಿದರು: ಡೋಲು ನುಡಿಯುವುದು ಮಾತಿನ ತಾನವನ್ನೇ.

ಆದರೆ ಡೋಲಿಗೆ ಸ್ವರ, ವ್ಯಂಜನಗಳಿಲ್ಲ. ಚಂದ್ರನೆಂಬರ್ಥದ 'ಸೊಂಗೆ', ಕೋಳಿಯೆಂಬರ್ಥದ 'ಕೊಕೊ' ಎರಡೂ ಅದರಲ್ಲಿ ಬರಿಯ ಎರಡು ಏರುಬಡಿತ. ಆದ್ದರಿಂದ ವಾದಕನು ಒಂಟಿ ಪದವನ್ನು ಬಾರಿಸುವುದಿಲ್ಲ. ಚಂದ್ರನಿಗೆ ಭೂಮಿಯತ್ತ ನೋಡುವವನೆಂಬ, ಕೋಳಿಗೆ ಅದರ ಕೂಗನ್ನು ಅನುಕರಿಸುವ ನಿಶ್ಚಿತ ವಿಶೇಷಣಗಳನ್ನು ಜೋಡಿಸುತ್ತಾನೆ. ಪದಗುಚ್ಛ ಉದ್ದವಾದಂತೆ ತಾನದ ವಿನ್ಯಾಸ ಬೇರೆಯಾಗಿ, ಸಂದಿಗ್ಧತೆ ಕಳೆಯುತ್ತದೆ. ಸಂದೇಶ ಮಾತ್ರ ಮಾತಿಗಿಂತ ಹಲವು ಪಟ್ಟು ಹಿಗ್ಗುತ್ತದೆ.

ಮೌಖಿಕ ಪರಂಪರೆಯ ಸಿದ್ಧನುಡಿಗಳನ್ನು ಅಲಂಕಾರವೆಂದೋ ಸ್ಮರಣೆಯ ಊರುಗೋಲೆಂದೋ ವಿವರಿಸುವ ರೂಢಿ ಜಾನಪದ ಅಧ್ಯಯನದಲ್ಲಿ ಬೇರೂರಿದೆ. ಲೊಕೆಲೆಗೆ ಈ ವಿವರಣೆ ಸಾಲದು. ಇಲ್ಲಿ ವಿಶೇಷಣವನ್ನು ಕಿತ್ತರೆ ಸೊಗಸಷ್ಟೇ ಅಲ್ಲ, ಅರ್ಥವೇ ಹೋಗುತ್ತದೆ. ಕಾವ್ಯದಂತೆ ತೋರುವ ಈ ನುಡಿಗಟ್ಟು ಧ್ವನಿವ್ಯವಸ್ಥೆಯ ಅಗತ್ಯದಿಂದ ಹುಟ್ಟಿದ್ದು.

ಪ್ರತಿಯೊಬ್ಬನಿಗೂ ಡೋಲಿನಲ್ಲಿ ಕರೆಯುವ ದೀರ್ಘ ಹೆಸರೊಂದು ಇರುತ್ತಿತ್ತು. ಶಾಲೆಗೆ ಹೋಗುವ ಹುಡುಗರಲ್ಲಿ ಅನೇಕರು ತಮ್ಮ ಡೋಲಿನ ಹೆಸರನ್ನೇ ಕಲಿಯುತ್ತಿಲ್ಲವೆಂಬುದನ್ನು ಕ್ಯಾರಿಂಗ್ಟನ್ ಆಗಲೇ ಗಮನಿಸಿದ್ದರು. ಏರು, ಇಳಿಗಳು ಆಡುಮಾತಿನೊಡನೆ ತಾವಾಗಿ ಮಕ್ಕಳಿಗೆ ಬರುತ್ತವೆ. ಡೋಲಿನ ಪದಗುಚ್ಛಗಳು ಹಾಗೆ ಬರುವುದಿಲ್ಲ, ಅವನ್ನು ವಾದಕನಿಂದಲೇ ಕಲಿಯಬೇಕು.