ನಾವು ಹುಡುಕಿದ್ದು ಎಲ್ಲಿ ಉಳಿಯುತ್ತದೆ? ಬೇರೊಂದು ಸರ್ಚ್ ಎಂಜಿನ್ ಬಳಸಿ ನೋಡುವ ಬಗ್ಗೆ

ಮೊದಲೆಲ್ಲ ಇಶಾ ನಮಾಝ್ ಮುಗಿದು ಮಸೀದಿ ಖಾಲಿಯಾಗುವವರೆಗೆ ಕಾದು ಕುಳಿತು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಬಂದು ಕೇಳುವವರಿದ್ದರು. ಮಕ್ಕಳಾಗದ ಚಿಂತೆ, ಬಡ್ಡಿ ಸಾಲ, ಗಂಡ ಹೆಂಡತಿಯ ಮನಸ್ತಾಪ, ಹೇಳಿಕೊಳ್ಳಲಾಗದ ಕಾಯಿಲೆ. ಈಗ ಆ ಪ್ರಶ್ನೆಗಳು ಮೊದಲು ಮೊಬೈಲಿಗೆ ಹೋಗುತ್ತವೆ, ಆಮೇಲೆ ಬೇಕೆನಿಸಿದರೆ ನಮ್ಮ ಬಳಿ ಬರುತ್ತವೆ. ಇದರಲ್ಲಿ ತಪ್ಪೇನೂ ಇಲ್ಲ. ನಾವೂ ಔಷಧಿಯ ಹೆಸರು, ರೈಲಿನ ಸಮಯ, ಅರಬಿ ಪದದ ಅರ್ಥ ಎಲ್ಲವನ್ನೂ ಮೊಬೈಲಿನಲ್ಲೇ ಹುಡುಕುತ್ತೇವೆ. ಆದರೆ ಒಂದು ವ್ಯತ್ಯಾಸವಿದೆ. ಉಸ್ತಾದರ ಬಳಿ ಕೇಳುವವನಿಗೆ ಎದುರಿಗೆ ಯಾರು ಕುಳಿತಿದ್ದಾರೆಂದು ಗೊತ್ತಿರುತ್ತದೆ. ಮೊಬೈಲಿನ ಮುಂದೆ ಕುಳಿತವನು ಎದುರಿಗೆ ಯಾರೂ ಇಲ್ಲವೆಂದೇ ಭಾವಿಸುತ್ತಾನೆ.

ಬೇರೆ ಊರಿನ ಒಂದು ಮನೆಯ ವಿಷಯ ನಮ್ಮ ಬಳಿ ಬಂದಿತ್ತು. ಮನೆಯಲ್ಲಿ ನಾಲ್ಕು ಮೊಬೈಲ್. ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಹಿರಿಯ ಮಗ ಅನುಕೂಲವಾಗಲೆಂದು ನಾಲ್ಕಕ್ಕೂ ಒಂದೇ ಇಮೇಲ್ ಖಾತೆ ಹಾಕಿಕೊಟ್ಟಿದ್ದ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗದ ಕಿರಿಯ ಸೊಸೆ ತನ್ನ ಕೋಣೆಯಲ್ಲಿ ಕುಳಿತು ಚಿಕಿತ್ಸೆಯ ಬಗ್ಗೆ ಹುಡುಕಿದಳು. ಕೆಲವೇ ದಿನಗಳಲ್ಲಿ ಅತ್ತೆಯ ಮೊಬೈಲಿನಲ್ಲಿ ಬಂಜೆತನ ನಿವಾರಣೆಯ ಆಸ್ಪತ್ರೆಗಳ ಜಾಹೀರಾತು ಬರತೊಡಗಿತು. ಹುಡುಕುವ ಜಾಗವನ್ನು ಮುಟ್ಟಿದರೆ ಸೊಸೆ ಬರೆದಿದ್ದ ಮಾತುಗಳೇ ಕೆಳಗೆ ಪಟ್ಟಿಯಾಗಿ ಕಾಣಿಸಿದವು. "ಉಸ್ತಾದರೇ, ನಾನು ಉಮ್ಮನಿಗೂ ಹೇಳಿರಲಿಲ್ಲ, ಇವರಿಗೆ ಯಾರು ಹೇಳಿದರು?" ಎಂದು ಆಕೆ ಕೇಳಿದಳು. ಯಾರೂ ಹೇಳಿರಲಿಲ್ಲ. ಆಕೆಯೇ ಬರೆದದ್ದು ಆ ಖಾತೆಯಲ್ಲಿ ಜಮೆಯಾಗಿ ನಾಲ್ಕು ಮೊಬೈಲಿಗೂ ಹಂಚಿಕೆಯಾಗಿತ್ತು.

ಸರ್ಚ್ ಎಂಜಿನ್ ಎಂದರೇನು ಎಂಬುದನ್ನು ಸ್ವಲ್ಪ ತಿಳಿದುಕೊಳ್ಳೋಣ. ಅದರ ಕಂಪ್ಯೂಟರುಗಳು ಇಂಟರ್ನೆಟ್ಟಿನ ಪುಟಗಳನ್ನು ಒಂದೊಂದಾಗಿ ಓದುತ್ತಾ, ಯಾವ ಪದ ಎಲ್ಲಿದೆ ಎಂಬ ದೊಡ್ಡ ಸೂಚಿಯನ್ನು ಮಾಡಿಟ್ಟುಕೊಳ್ಳುತ್ತವೆ. ಪುಸ್ತಕದ ಕೊನೆಯಲ್ಲಿ ಇರುವ ಪದಸೂಚಿಯ ಹಾಗೆ. ನಾವು ಪದ ಬರೆದಾಗ ಸೂಚಿಯಿಂದ ಪುಟಗಳನ್ನು ತೆಗೆದು ಒಂದರ ಕೆಳಗೆ ಒಂದು ಜೋಡಿಸಿ ಕೊಡುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ 1998ರಲ್ಲಿ ಗೂಗಲ್ ಕಂಪನಿ ಆರಂಭಿಸಿದಾಗ ಈ ಜೋಡಣೆಯಲ್ಲೇ ಅವರ ಜಾಣ್ಮೆಯಿತ್ತು. ಒಂದು ಪುಟದ ಕಡೆಗೆ ಎಷ್ಟು ಪುಟಗಳು ಬೆರಳು ತೋರಿಸುತ್ತವೆ, ತೋರಿಸುವ ಆ ಪುಟಗಳಿಗೆ ಎಷ್ಟು ತೂಕವಿದೆ ಎಂದು ಲೆಕ್ಕ ಹಾಕಿ ಅವರು ಸ್ಥಾನ ಕೊಟ್ಟರು. ಕೆಲಸ ನಿಜಕ್ಕೂ ಚೆನ್ನಾಗಿತ್ತು, ಈಗಲೂ ಚೆನ್ನಾಗಿದೆ.

ನಮ್ಮಿಂದ ಒಂದು ರೂಪಾಯಿಯೂ ಪಡೆಯದ ಈ ಸೇವೆಗೆ ಹಣ ಕೊಡುವವರು ಜಾಹೀರಾತುದಾರರು. ಯಾರು, ಎಲ್ಲಿಂದ, ಯಾವ ಹೊತ್ತಿಗೆ, ಏನು ಹುಡುಕಿದರು, ಯಾವುದನ್ನು ಒತ್ತಿದರು ಎಂಬುದು ತಿಳಿದಷ್ಟೂ ಜಾಹೀರಾತಿಗೆ ಬೆಲೆ ಹೆಚ್ಚು. ಹಾಗಾಗಿ ದಾಖಲೆ ಇಡುತ್ತಾರೆ. "ಹೆಸರು ಇಲ್ಲದೆ ಬರೀ ಹುಡುಕಿದ ಮಾತುಗಳಿದ್ದರೆ ಏನಾಗುತ್ತದೆ?" ಎಂದು ಕೇಳುವವರಿದ್ದಾರೆ. 2006ರ ಆಗಸ್ಟಿನಲ್ಲಿ ಅಮೆರಿಕದ ಎಒಎಲ್ ಕಂಪನಿ ಸಂಶೋಧಕರಿಗೆ ಉಪಯೋಗವಾಗಲೆಂದು ಸುಮಾರು 6,50,000 ಬಳಕೆದಾರರ ಮೂರು ತಿಂಗಳ ಹುಡುಕಾಟವನ್ನು ಬಹಿರಂಗಪಡಿಸಿತು. ಹೆಸರುಗಳನ್ನು ತೆಗೆದು ಸಂಖ್ಯೆಗಳನ್ನು ಹಾಕಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ಹಿರಿಯ ಮಹಿಳೆಯ ಮನೆ ಬಾಗಿಲಿಗೇ ಹೋಗಿ ನಿಂತರು. ಆಕೆ ತನ್ನ ಊರು, ತನ್ನ ಕುಲನಾಮದವರು, ತನ್ನ ನಾಯಿಯ ಕಾಟ, ಗೆಳತಿಯರ ಕಾಯಿಲೆ ಎಲ್ಲವನ್ನೂ ಹುಡುಕಿದ್ದಳು. ಅಷ್ಟು ಸಾಕಾಯಿತು. ಕಂಪನಿ ಆ ಕಡತವನ್ನು ಹಿಂದಕ್ಕೆ ಪಡೆಯಿತು. ಅಷ್ಟರಲ್ಲಿ ಅದರ ಪ್ರತಿಗಳು ಎಲ್ಲೆಡೆ ಹರಡಿದ್ದವು.

ನಮ್ಮ ಸಮುದಾಯಕ್ಕೆ ನೇರವಾಗಿ ತಟ್ಟಿದ ಇನ್ನೊಂದು ಘಟನೆ ಇದೆ. ಅದು ಸರ್ಚ್ ಎಂಜಿನ್ನಿನದಲ್ಲ, ಆದರೆ ವ್ಯಾಪಾರ ಅದೇ. ನಮಾಝಿನ ಸಮಯ ಮತ್ತು ಕಿಬ್ಲಾ ತೋರಿಸುವ ಮುಸ್ಲಿಂ ಪ್ರೊ ಎಂಬ ಆ್ಯಪ್ ಎಷ್ಟೋ ಮನೆಗಳಲ್ಲಿದೆ. ಬಳಕೆದಾರರು ಎಲ್ಲಿದ್ದಾರೆಂಬ ಮಾಹಿತಿ ಅದರಿಂದ ಎಕ್ಸ್-ಮೋಡ್ ಎಂಬ ದಳ್ಳಾಳಿ ಕಂಪನಿಗೆ ಹೋಗುತ್ತಿದೆ, ಆ ಕಂಪನಿ ಅಮೆರಿಕದ ಸೇನೆಗೆ ಕೆಲಸ ಮಾಡುವ ಗುತ್ತಿಗೆದಾರರಿಗೆ ಮಾಹಿತಿ ಮಾರುತ್ತಿದೆ ಎಂದು 2020ರ ನವೆಂಬರಿನಲ್ಲಿ ಮದರ್‌ಬೋರ್ಡ್ ಪತ್ರಿಕೆ ವರದಿ ಮಾಡಿತು. ವರದಿಯ ನಂತರ ಆ ಕಂಪನಿಯೊಂದಿಗಿನ ಸಂಬಂಧ ಕಡಿದುಕೊಂಡಿದ್ದೇವೆ ಎಂದು ಮುಸ್ಲಿಂ ಪ್ರೊ ತಿಳಿಸಿತು. ಕಿಬ್ಲಾ ನೋಡಲೆಂದು ಕೊಟ್ಟ ಅನುಮತಿ ಎಲ್ಲಿಗೆ ಹೋಗಿ ತಲುಪಿತು ನೋಡಿ.

ಹುಡುಕಾಟಕ್ಕೆ ಬೇರೆ ದಾರಿಗಳಿವೆಯೇ? ಇವೆ. ನಾವು ಕೆಲವು ತಿಂಗಳಿಂದ ಬಳಸುತ್ತಿರುವುದು ಡಕ್‌ಡಕ್‌ಗೋ. ಹೆಸರು ಕೇಳಿ ಮದ್ರಸದ ಮಕ್ಕಳು ನಕ್ಕರು. ಅದು ಅಮೆರಿಕದ ಮಕ್ಕಳ ಆಟವೊಂದರ ಹೆಸರಿನಿಂದ ಬಂದದ್ದೇ ಆಗಿದೆ. ಗೇಬ್ರಿಯಲ್ ವೈನ್‌ಬರ್ಗ್ ಎಂಬವರು 2008ರಲ್ಲಿ ಆರಂಭಿಸಿದರು. ಯಾರು ಏನು ಹುಡುಕಿದರು ಎಂಬ ಚರಿತ್ರೆಯನ್ನು ತಾನು ಇಟ್ಟುಕೊಳ್ಳುವುದಿಲ್ಲ ಎಂಬುದು ಅದರ ಮುಖ್ಯ ವಾಗ್ದಾನ. ಅಲ್ಲಿಯೂ ಜಾಹೀರಾತು ಇದೆ. ಆದರೆ ಆ ಕ್ಷಣ ಬರೆದ ಪದವನ್ನು ನೋಡಿ ಜಾಹೀರಾತು ಬರುತ್ತದೆ, ಮನುಷ್ಯನ ಹಳೆಯ ಹುಡುಕಾಟವನ್ನು ನೋಡಿ ಅಲ್ಲ. ಸೈಕಲ್ ಎಂದು ಬರೆದರೆ ಸೈಕಲ್ಲಿನ ಜಾಹೀರಾತು, ಮುಂದಿನ ವಾರ ಬೇಳೆಯ ಬೆಲೆ ಹುಡುಕಿದಾಗ ಸೈಕಲ್ ಹಿಂಬಾಲಿಸಿ ಬರುವುದಿಲ್ಲ. ಪೇಟೆಯ ಅಂಗಡಿಯ ಬೋರ್ಡಿಗೂ ಮನೆಯವರೆಗೆ ಹಿಂದೆ ಬರುವ ಏಜೆಂಟನಿಗೂ ಇರುವ ವ್ಯತ್ಯಾಸ ಇಷ್ಟೇ.

ಹಾಗೆಂದು ಅದನ್ನು ಹಾಡಿ ಹೊಗಳುವುದೂ ಬೇಡ. ಅದರ ಫಲಿತಾಂಶಗಳಲ್ಲಿ ಹೆಚ್ಚಿನವು ಮೈಕ್ರೋಸಾಫ್ಟಿನ ಬಿಂಗ್‌ನಿಂದ ಬರುತ್ತವೆ, ಜಾಹೀರಾತನ್ನು ಒತ್ತಿದರೆ ಅದು ಮೈಕ್ರೋಸಾಫ್ಟಿನ ಜಾಲದ ಮೂಲಕವೇ ಸಾಗುತ್ತದೆ. 2022ರ ಮೇ ತಿಂಗಳಲ್ಲಿ ಒಬ್ಬ ಸಂಶೋಧಕರು ಅದರ ಬ್ರೌಸರ್ ಆ್ಯಪ್ ಬೇರೆ ವೆಬ್‌ಸೈಟುಗಳಲ್ಲಿರುವ ಮೈಕ್ರೋಸಾಫ್ಟಿನ ಕೆಲವು ಟ್ರ್ಯಾಕರುಗಳನ್ನು ತಡೆಯುತ್ತಿಲ್ಲ ಎಂದು ತೋರಿಸಿದರು. ಅದಕ್ಕೆ ಕಾರಣ ಎರಡು ಕಂಪನಿಗಳ ನಡುವಿನ ಒಪ್ಪಂದ. ಟೀಕೆ ಬಂದ ಮೇಲೆ ಆಗಸ್ಟಿನಲ್ಲಿ ಅದನ್ನು ಸರಿಪಡಿಸುವ ಕ್ರಮ ಪ್ರಕಟಿಸಿದರು. ವಾಗ್ದಾನ ಮಾಡಿದವರನ್ನೂ ಆಗಾಗ ಪರಿಶೀಲಿಸುವವರು ಬೇಕು ಎಂಬುದಕ್ಕೆ ಇದೂ ಒಂದು ಉದಾಹರಣೆ. ಇನ್ನು ಬ್ರೇವ್ ಸರ್ಚ್ 2021ರಲ್ಲಿ ಬಂದದ್ದು, ತನ್ನದೇ ಸೂಚಿ ಇಟ್ಟುಕೊಂಡಿದೆ. ನೆದರ್‌ಲ್ಯಾಂಡ್ಸ್‌ನ ಸ್ಟಾರ್ಟ್‌ಪೇಜ್ ನಮ್ಮ ಗುರುತನ್ನು ಮರೆಮಾಡಿ ಗೂಗಲ್‌ನ ಫಲಿತಾಂಶವನ್ನೇ ತಂದುಕೊಡುತ್ತದೆ. ಜರ್ಮನಿಯ ಇಕೋಸಿಯಾ ತನ್ನ ಲಾಭವನ್ನು ಮರ ನೆಡುವುದಕ್ಕೆ ಬಳಸುತ್ತದೆ.

ಇಷ್ಟೆಲ್ಲ ಇದ್ದರೂ ಎಲ್ಲರೂ ಒಂದನ್ನೇ ಏಕೆ ಬಳಸುತ್ತಾರೆ? ಅದು ಚೆನ್ನಾಗಿದೆ ಎಂಬುದು ಒಂದು ಕಾರಣ. ಮೊಬೈಲ್ ಪೆಟ್ಟಿಗೆ ಬಿಚ್ಚುವಾಗಲೇ ಅದು ಅಲ್ಲಿರುತ್ತದೆ ಎಂಬುದು ಇನ್ನೊಂದು. ಹಾಗೆ ಮೊದಲೇ ಇರುವುದಕ್ಕೆ ಗೂಗಲ್ 2021ರಲ್ಲಿ ಮೊಬೈಲ್ ಮತ್ತು ಬ್ರೌಸರ್ ಕಂಪನಿಗಳಿಗೆ ಒಟ್ಟು 2,600 ಕೋಟಿ ಡಾಲರಿಗೂ ಹೆಚ್ಚು ಹಣ ಕೊಟ್ಟಿತ್ತೆಂದು ಅಮೆರಿಕದ ನ್ಯಾಯಾಲಯದಲ್ಲಿ ಹೊರಬಂತು. ಹುಡುಕಾಟದ ಮಾರುಕಟ್ಟೆಯಲ್ಲಿ ಗೂಗಲ್ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿದೆ ಎಂದು ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್ 5ರಂದು ತೀರ್ಪಿತ್ತರು. ನಮ್ಮ ದೇಶದಲ್ಲೂ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ವಿಷಯದಲ್ಲಿ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಅದರ ನಂತರವೇ, 2023ರ ಜನವರಿಯಲ್ಲಿ, ಭಾರತದ ಬಳಕೆದಾರರು ತಮಗೆ ಬೇಕಾದ ಸರ್ಚ್ ಎಂಜಿನನ್ನು ಆರಿಸಿಕೊಳ್ಳಲು ಅವಕಾಶ ಕೊಡುತ್ತೇವೆಂದು ಗೂಗಲ್ ಪ್ರಕಟಿಸಿತು. ಹೀಗೆ ಸಿಕ್ಕ ಆಯ್ಕೆ ನಮ್ಮ ಕೈಯಲ್ಲೇ ಇದೆ. ಅದನ್ನು ಮುಟ್ಟಿ ನೋಡಿದವರು ಮಾತ್ರ ಕಡಿಮೆ.

ಬದಲಾಯಿಸುವುದು ಕಷ್ಟವಿಲ್ಲ. ಆಂಡ್ರಾಯ್ಡ್ ಮೊಬೈಲಿನ ಕ್ರೋಮ್‌ನಲ್ಲಿ ಮೇಲೆ ಬಲಗಡೆ ಇರುವ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಸರ್ಚ್ ಎಂಜಿನ್ ಎಂಬಲ್ಲಿ ಬೇರೆಯದನ್ನು ಆರಿಸಬೇಕು. ಐಫೋನಿನಲ್ಲಿ ಸೆಟ್ಟಿಂಗ್ಸ್‌ನೊಳಗೆ ಸಫಾರಿಯಲ್ಲಿ ಅದೇ ಆಯ್ಕೆಯಿದೆ. ಆದರೆ ಆಂಡ್ರಾಯ್ಡ್ ಪರದೆಯ ಮೇಲೆ ಮೊದಲಿನಿಂದಲೂ ಕೂತಿರುವ ಗೂಗಲ್ ಪಟ್ಟಿ ಇದರಿಂದ ಬದಲಾಗುವುದಿಲ್ಲ, ಅಲ್ಲಿ ಬರೆದದ್ದು ಮೊದಲಿನ ಕಡೆಗೇ ಹೋಗುತ್ತದೆ. ಹಲವರು ಇದನ್ನು ಗಮನಿಸುವುದಿಲ್ಲ.

ಎರಡು ವಾರ ಬಳಸಿ ನೋಡಿ. ಕಾಯಿಲೆ, ಔಷಧಿ, ಅಡುಗೆ, ಮಕ್ಕಳ ಪಾಠ, ಸಾಮಾನ್ಯ ಜ್ಞಾನ, ಇಂಗ್ಲಿಷಿನಲ್ಲಿ ಹುಡುಕುವ ಯಾವುದಕ್ಕೂ ತೊಂದರೆಯಿಲ್ಲ. ಕನ್ನಡದಲ್ಲಿ ಹುಡುಕುವಾಗ ಗೂಗಲ್ ಮುಂದಿದೆ, ಅದನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಊರಿನ ಅಂಗಡಿ ತೆರೆದಿದೆಯೇ, ಹಳ್ಳಿಯ ದಾರಿ ಯಾವುದು ಎಂಬುದಕ್ಕೂ ಹಾಗೆಯೇ. ಡಕ್‌ಡಕ್‌ಗೋದ ನಕಾಶೆ ಆ್ಯಪಲ್ ಕಂಪನಿಯದು. ಹಾಗಾಗಿ ಎಲ್ಲವನ್ನೂ ಒಂದೇ ಕಡೆಗೆ ಎಳೆಯಬೇಕಿಲ್ಲ. ದಾರಿ ಕೇಳುವಲ್ಲಿ ದಾರಿ ಕೇಳಿ, ಕಾಯಿಲೆಯ ಮಾತನ್ನು ಬೇರೆ ಕಡೆ ಕೇಳಿ. ಡಕ್‌ಡಕ್‌ಗೋದಲ್ಲಿ ಹುಡುಕುವ ಪದದ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಮತ್ತು ಇಂಗ್ಲಿಷಿನ ಜಿ ಅಕ್ಷರ ಸೇರಿಸಿದರೆ ಅದೇ ಹುಡುಕಾಟ ಗೂಗಲ್‌ಗೆ ಹೋಗುತ್ತದೆ. ಡಬ್ಲ್ಯೂ ಸೇರಿಸಿದರೆ ವಿಕಿಪೀಡಿಯಾಗೆ. ಹಾಗೆ ಹೋದ ಮೇಲೆ ಅಲ್ಲಿಯ ನಿಯಮ ಅನ್ವಯಿಸುತ್ತದೆ ಎಂಬುದು ನೆನಪಿರಲಿ.

ಇದರಿಂದ ಆಗದ ಕೆಲಸಗಳೂ ಇವೆ. ಫಲಿತಾಂಶ ಒತ್ತಿ ಒಳಗೆ ಹೋದ ವೆಬ್‌ಸೈಟು ತನ್ನ ದಾಖಲೆಯನ್ನು ತಾನು ಇಟ್ಟುಕೊಳ್ಳುತ್ತದೆ. ಇನ್‌ಕಾಗ್ನಿಟೋ ಎಂಬ ಕಪ್ಪು ಪರದೆಯ ಮೇಲೆ ನಮ್ಮ ಯುವಕರಿಗೆ ಬಹಳ ವಿಶ್ವಾಸ. ಅದು ಆ ಮೊಬೈಲಿನಲ್ಲಿ ಚರಿತ್ರೆ ಉಳಿಯದಂತೆ ಮಾಡುತ್ತದೆ, ಹೊರಗಿನವರಿಗೆ ಕಾಣದಂತೆ ಮಾಡುವುದಿಲ್ಲ. ಈ ವಿಷಯದಲ್ಲೇ ಅಮೆರಿಕದಲ್ಲಿ 2020ರಲ್ಲಿ ಹೂಡಿದ ಮೊಕದ್ದಮೆಯ ರಾಜಿಯಾಗಿ, ಇನ್‌ಕಾಗ್ನಿಟೋದಲ್ಲಿ ಸಂಗ್ರಹವಾದ ಕೋಟ್ಯಂತರ ದಾಖಲೆಗಳನ್ನು ನಾಶಪಡಿಸಲು ಗೂಗಲ್ 2024ರಲ್ಲಿ ಒಪ್ಪಿತು.

ಮೋಸದ ನಂಬರುಗಳಿಂದಲೂ ಯಾವ ಸರ್ಚ್ ಎಂಜಿನ್ ಕಾಪಾಡುವುದಿಲ್ಲ. ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಹುಡುಕಿ, ಮೇಲೆ ಕಂಡ ನಂಬರಿಗೆ ಕರೆ ಮಾಡಿ ಒಟಿಪಿ ಹೇಳಿ ಹಣ ಕಳೆದುಕೊಂಡವರು ಎಲ್ಲ ಊರಿನಲ್ಲೂ ಇದ್ದಾರೆ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ಕಿನಲ್ಲಿ, ಎಟಿಎಂ ಕಾರ್ಡಿನ ಹಿಂಭಾಗದಲ್ಲಿ ನೋಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ದೀನೀ ವಿಷಯ ಹುಡುಕುವವರಿಗೆ ಒಂದು ಮಾತು. ಮೊದಲ ಸಾಲಿನಲ್ಲಿ ಬಂದದ್ದು ಸರಿಯಾದದ್ದು ಎಂದರ್ಥವಲ್ಲ. ಹದೀಸ್ ವಿದ್ವಾಂಸರು ಕೇಳುತ್ತಿದ್ದುದು ಇದನ್ನು ಯಾರು ಹೇಳಿದರು, ಯಾರಿಂದ ಕೇಳಿದರು, ಅವರು ನಂಬಿಕಸ್ಥರೇ ಎಂದು. ಸರ್ಚ್ ಎಂಜಿನ್ ಕೇಳುವುದು ಇದರ ಕಡೆಗೆ ಎಷ್ಟು ಪುಟಗಳು ತೋರಿಸುತ್ತವೆ, ಜನ ಏನನ್ನು ಒತ್ತುತ್ತಾರೆ ಎಂಬಂತಹ ಪ್ರಶ್ನೆಗಳನ್ನು. ಎರಡೂ ಲೆಕ್ಕ ಬೇರೆ. ಎಂಜಿನ್ ಬದಲಾಯಿಸಿದರೂ ಇದು ಬದಲಾಗುವುದಿಲ್ಲ. ಗ್ರಂಥದ ಹೆಸರು, ಹದೀಸಿನ ಸಂಖ್ಯೆ ಬರೆದುಕೊಂಡು ನಿಮ್ಮ ಉಸ್ತಾದರಿಗೆ ತೋರಿಸಿ.

ಮಕ್ಕಳ ಕೈಗೆ ಮೊಬೈಲ್ ಕೊಡುವ ಮನೆಗಳಲ್ಲಿ ಸೇಫ್ ಸರ್ಚ್ ಎಂಬುದನ್ನು ಕಟ್ಟುನಿಟ್ಟಿನ ಮಟ್ಟಕ್ಕೆ ಇಡಬೇಕು. ಈ ಸೌಲಭ್ಯ ಗೂಗಲ್‌ನಲ್ಲೂ ಇದೆ, ಡಕ್‌ಡಕ್‌ಗೋದಲ್ಲೂ ಇದೆ. ಹೊಸದಕ್ಕೆ ಬದಲಾಯಿಸಿದಾಗ ಅಲ್ಲಿಯೂ ಮತ್ತೆ ಹಾಕಬೇಕಾಗುತ್ತದೆ. ದೊಡ್ಡವರಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಇಮೇಲ್ ಖಾತೆ ಇರಲಿ, ಸೊಸೆಯಂದಿರಿಗೂ ಅತ್ತೆಯಂದಿರಿಗೂ. ಗೂಗಲ್ ಬಿಡಲು ಮನಸ್ಸಿಲ್ಲದವರು ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಮೈ ಆ್ಯಕ್ಟಿವಿಟಿ ಎಂಬಲ್ಲಿಗೆ ಹೋದರೆ ಇದುವರೆಗೆ ಉಳಿದಿರುವ ಹುಡುಕಾಟವನ್ನೆಲ್ಲ ಓದಬಹುದು, ಅಳಿಸಬಹುದು. ಅಲ್ಲಿಯೇ ತಾನಾಗಿ ಅಳಿಸಿಹೋಗುವ ಅವಧಿಯನ್ನೂ ಆರಿಸಬಹುದು. 3 ತಿಂಗಳು, 18 ತಿಂಗಳು, 36 ತಿಂಗಳು ಎಂಬ ಮೂರು ಆಯ್ಕೆಗಳಿವೆ, 3 ತಿಂಗಳು ಸಾಕು.